ರೊಟ್ಟಿಗಿಂತ ಮೊದಲು ಗುಳಿಗಿ

ಇಳಕಲ್ಲಿನ ನಮ್ಮ ದೊಡ್ಡಪ್ಪನ ಕುಣಿಮಗ್ಗದಲ್ಲಿ ಮೊದಲು ತಪ್ಪಿದ್ದು ಕೊಂಡಿ. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ಕೆಲಸದಲ್ಲಿ ಅವರ ಬೆರಳಿಗೆ ಓಣಿಯಲ್ಲೇ ಸಾಟಿ ಇರಲಿಲ್ಲ. ಆ ಬೆರಳು ನಿಧಾನವಾದವು. ಲೆಕ್ಕದ ವಹಿಯಲ್ಲಿ ಸಾಲು ಮುಂದೆ ಹೋದಂತೆಲ್ಲ ಅಕ್ಷರ ಸಣ್ಣದಾಗುತ್ತ ಬಂತು. ರಟ್ಟೆ ನೋವೆಂದು ಒಂದು ವರ್ಷ ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ಸುಮ್ಮನೆ ತೊಡೆಯ ಮೇಲಿಟ್ಟ ಬಲಗೈ ತನ್ನಷ್ಟಕ್ಕೆ ನಡುಗತೊಡಗಿದಾಗ ಮನೆಯವರೆಲ್ಲ ಒಂದೇ ಮಾತು ಆಡಿದೆವು: “ವಯಸ್ಸಾತಲ್ಲ, ಇನ್ನೇನ.” ಆ ಒಂದು ಮಾತಿನಲ್ಲಿ ಎರಡು ವರ್ಷ ಕಳೆದುಹೋದವು. ಆ ಎರಡು ವರ್ಷದ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಡುಕ ಒಂದೇ ರೋಗವಲ್ಲ. ಚಹಾದ ಬಟ್ಟಲು ಎತ್ತುವಾಗ, ಸಹಿ ಹಾಕುವಾಗ ನಡುಗುವ ಕೈ, ಕೆಲಸ ಬಿಟ್ಟ ಕೂಡಲೇ ಸುಮ್ಮನಾಗುವುದುಂಟು. ಅಪ್ಪನಿಗೂ ಅಜ್ಜನಿಗೂ ಹಾಗೇ ಇತ್ತೆಂದು ಅಂಥವರು ನೆನೆಸಿಕೊಳ್ಳುತ್ತಾರೆ. ಅದು ಬೇರೆ ಬಗೆಯ ನಡುಕ. ಪ್ರೊಪ್ರನಲಾಲ್ ಎಂಬ ಹಳೆಯ, ಅಗ್ಗದ ಗುಳಿಗಿ ಅನೇಕರಿಗೆ ಆಗಿಬರುತ್ತದೆ, ಆದರೆ ದಮ್ಮಿನ ಕಾಯಿಲೆ ಇದ್ದವರಿಗೆ ಅದು ಸಲ್ಲದು. ಸುಮ್ಮನಿದ್ದಾಗ ನಡುಗುವುದು, ಜೊತೆಗೆ ನಿಧಾನ, ಬಿಗಿತ, ನಡೆಯುವಾಗ ಒಂದು ಕೈ ಬೀಸದೇ ಇರುವುದು ಕಂಡರೆ ಪಾರ್ಕಿನ್ಸನ್ ಕಾಯಿಲೆಯ ಕಡೆ ನೋಡಬೇಕು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದದ್ದು ಇದನ್ನೇ.

ಇನ್ನೊಂದು ಬಗೆ ನಮ್ಮ ಮನೆಯ ಗುಳಿಗಿ ಡಬ್ಬಿಯಲ್ಲೇ ಅಡಗಿರುತ್ತದೆ. ಹೊಟ್ಟೆ ಉರಿಗೆಂದು ತಿಂಗಳುಗಟ್ಟಲೆ ನುಂಗುವ ಕೆಲವು ಗುಳಿಗಿಗಳಲ್ಲಿ ಲೆವೊಸಲ್ಪಿರೈಡ್ ಬೆರೆತಿರುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆಶೂಲಿಗೆ ಕೊಡುವ ಫ್ಲುನರಿಜಿನ್ ಇವೂ ವಯಸ್ಸಾದವರಲ್ಲಿ ಪಾರ್ಕಿನ್ಸನ್ನನ್ನೇ ಹೋಲುವ ನಡುಕ, ಬಿಗಿತ ತರಬಲ್ಲವು. ವೈದ್ಯರು ಆ ಔಷಧ ನಿಲ್ಲಿಸಿದ ಮೇಲೆ ಬಹಳ ಮಂದಿ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ನಡುಕವೆಂದು ದವಾಖಾನಿಗೆ ಹೋಗುವಾಗ ಹಳೆಯ ಚೀಟಿ, ಖಾಲಿ ಪಾಕೀಟು, ಪುಡಿ, ಕಷಾಯ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.

ದೊಡ್ಡಪ್ಪನದು ಪಾರ್ಕಿನ್ಸನ್ನೇ. ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ನರಕೋಶಗಳು ಡೋಪಮಿನ್ ತಯಾರಿಸಿ ಮೇಲಕ್ಕೆ ಕಳಿಸುತ್ತವೆ. ಚಲನೆ ಸರಾಗವಾಗಲು ಅದು ಬೇಕು. ಆ ಕೋಶಗಳು ಸಾಯುತ್ತ ಹೋಗುತ್ತವೆ, ಕೈ ನಡುಗುವ ಹೊತ್ತಿಗೆ ಅದೆಷ್ಟೋ ಪಾಲು ಹೋಗಿಬಿಟ್ಟಿರುತ್ತವೆ. ಇದು ತಿಳಿದ ಬಗೆ ನಮ್ಮ ನೆಲದ ಒಂದು ಗಿಡಕ್ಕೂ ಸಂಬಂಧಿಸಿದ್ದು. ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಕೊಟ್ಟಾಗ ಮೊಲಗಳು ಕಲ್ಲಿನಂತೆ ಬಿದ್ದುಕೊಳ್ಳುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಅವಕ್ಕೆ, ಮೈಯೊಳಗೆ ಡೋಪಮಿನ್ ಆಗುವ ಡೋಪಾ ಚುಚ್ಚಿದರು, ಮೊಲಗಳು ಎದ್ದು ಓಡಾಡಿದವು. ಅವರಿಗೆ 2000ದಲ್ಲಿ ನೊಬೆಲ್ ಬಂತು. ಅದಕ್ಕೂ ಬಹಳ ಮೊದಲೇ ವಿಯೆನ್ನಾದಲ್ಲಿ, ಅಮೆರಿಕದಲ್ಲಿ ರೋಗಿಗಳಿಗೇ ಡೋಪಾದ ಒಂದು ರೂಪವಾದ ಲೆವೊಡೋಪಾ ಕೊಟ್ಟು, 1960ರ ದಶಕ ಮುಗಿಯುವುದರೊಳಗೆ ಅದು ಗುಳಿಗಿಯಾಗುವ ಹಾದಿ ಹಿಡಿದಿತ್ತು. ಇಂದಿಗೂ ಅದನ್ನು ಮೀರಿಸಿದ ಔಷಧ ಬಂದಿಲ್ಲ.

ಡೋಪಮಿನ್ನನ್ನೇ ಏಕೆ ಕೊಡಬಾರದು? ರಕ್ತಕ್ಕೂ ಮಿದುಳಿಗೂ ನಡುವಿನ ತಡೆಯನ್ನು ಅದು ದಾಟಲಾರದು. ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಹೊರಗೇ ಆಗಿ ವ್ಯರ್ಥವಾಗದಿರಲೆಂದು, ಹೊಟ್ಟೆ ತೊಳಸದಿರಲೆಂದು ಗುಳಿಗಿಯಲ್ಲಿ ಕಾರ್ಬಿಡೋಪಾ ಸೇರಿಸಿರುತ್ತಾರೆ.

ಆದರೆ ಅದು ದಾಟುವ ಬಾಗಿಲು ಲೆವೊಡೋಪಾಕ್ಕೆಂದೇ ಇಟ್ಟದ್ದಲ್ಲ. ಬೇಳೆ, ಕಾಳು, ಹಾಲು, ತತ್ತಿ, ಮಾಂಸದ ಪ್ರೋಟೀನು ಕರಗಿ ಬರುವ ಅಮೈನೋ ಆಮ್ಲಗಳೂ ಅದೇ ಬಾಗಿಲಲ್ಲಿ ಪಾಳಿ ನಿಲ್ಲುತ್ತವೆ. ಮೊದಲ ವರ್ಷ ದೊಡ್ಡಪ್ಪ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡು ಕೈತೊಳೆದು ಗುಳಿಗಿ ನುಂಗುತ್ತಿದ್ದರು. “ಈ ಗುಳಿಗಿ ಒಂದಿನ ಹತ್ತತೈತಿ, ಒಂದಿನ ಹತ್ತೂದಿಲ್ಲ, ತಮ್ಮಾ” ಎಂದು ನನಗೆ ಹೇಳುತ್ತಿದ್ದರು. ಉಣ್ಣುವ ಅರ್ಧ ತಾಸಿನಿಂದ ಒಂದು ತಾಸು ಮೊದಲು, ಬರೀ ನೀರಿನಲ್ಲಿ ನುಂಗಬೇಕೆಂದು ಚೀಟಿ ಕೊಟ್ಟವರು ಯಾರೂ ಹೇಳಿರಲಿಲ್ಲ. ಹಾಗೆ ಬದಲಿಸಿದ ವಾರದಲ್ಲೇ ಅವರ ಬೆಳಗು ಬೇರೆಯಾಯಿತು, ಗುಳಿಗಿ ಅದೇ, ಪ್ರಮಾಣ ಅದೇ. ಹೊಟ್ಟೆ ತೊಳಸಿದರೆ ಒಂದು ತುಂಡು ಕಟಕ ರೊಟ್ಟಿ ಸಾಕು. ಕಬ್ಬಿಣಾಂಶದ ಗುಳಿಗಿಯನ್ನು ದೂರದ ಹೊತ್ತಿಗೆ ಇಡಬೇಕು, ಅದು ಲೆವೊಡೋಪಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಳೆಕಾಳು ಬಿಡುವುದಂತೂ ಬೇಡ, ಮೈಗೆ ಅದು ಬೇಕೇ ಬೇಕು.

ಶ್ರಾವಣದ ಉಪವಾಸ, ಜಾತ್ರೆ, ಮದುವೆ ಮನೆ, ಯಾವ ನೆಪಕ್ಕೂ ಗುಳಿಗಿ ನಿಲ್ಲಿಸಬೇಡಿ. ಫಟ್ಟನೆ ನಿಲ್ಲಿಸಿದರೆ ಜ್ವರ ಏರಿ, ಮೈ ಕಟ್ಟಿಗೆಯಂತೆ ಬಿಗಿದು ಜೀವಕ್ಕೇ ಅಪಾಯ ಬರಬಹುದು.

ಹೊಲದ ಬದುವಿನಲ್ಲಿ ಮೈಗೆ ತಾಗಿ ಕೆರೆಸಿಕೊಂಡು ಅತ್ತ ನಸುಗುನ್ನಿ ಬಳ್ಳಿಯ ಬೀಜದಲ್ಲೂ ಲೆವೊಡೋಪಾ ಇದೆ. ಅದನ್ನು 1937ರಲ್ಲಿ ಬೇರ್ಪಡಿಸಿ ತೋರಿಸಿದವರು ಭಾರತೀಯ ರಸಾಯನಜ್ಞರಾದ ದಾಮೋದರನ್ ಮತ್ತು ರಾಮಸ್ವಾಮಿ. ಹೆಮ್ಮೆಯ ವಿಷಯ. ಆದರೆ ಗುಳಿಗಿಯ ಜೊತೆಗೆ ಅದರ ಪುಡಿಯನ್ನೂ ನುಂಗಿದರೆ ಒಂದೇ ಔಷಧ ಎರಡು ಕಡೆಯಿಂದ, ಅಳತೆ ಇಲ್ಲದೆ ಮೈಸೇರುತ್ತದೆ. ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬಾರದು.

ಗುಳಿಗಿ ಎಲ್ಲವನ್ನೂ ಸರಿಮಾಡುವುದಿಲ್ಲ. ಹೊಸ್ತಿಲ ಬಳಿ ಬಂದಾಗ ದೊಡ್ಡಪ್ಪನ ಪಾದ ನೆಲಕ್ಕೆ ಅಂಟಿಬಿಡುತ್ತದೆ. ಅಂಗಳದ ಫರಸಿ ಕಲ್ಲಿನ ಸಂದುಗಳನ್ನು ದಾಟುವಾಗ ಮಾತ್ರ ಹೆಜ್ಜೆ ಸಲೀಸು! ತಾನಾಗಿ ನಡೆಸುವ ದಾರಿ ಕೆಟ್ಟಾಗ, ಕಣ್ಣಿಗೊಂದು ಗೆರೆ ಅಥವಾ ಕಿವಿಗೊಂದು ತಾಳ ಸಿಕ್ಕರೆ ಮಿದುಳು ಬೇರೆ ದಾರಿ ಹಿಡಿಯುತ್ತದೆ. ವ್ಯಾಯಾಮ ಚಿಕಿತ್ಸಕರು ಇದನ್ನೇ ಕಲಿಸುತ್ತಾರೆ. ಸೊಸೆ ಹೊಸ್ತಿಲ ಮುಂದೆ ಕೆಂಪು ಬಟ್ಟೆಯ ಪಟ್ಟಿ ಅಡ್ಡಡ್ಡ ಅಂಟಿಸಿದ್ದಾಳೆ. ಪಕ್ಕದ ಮನೆಯ ಕೈಮಗ್ಗ ನಡೆಯುತ್ತಿದ್ದರೆ ಅದರ ಕಟಕ್-ಕಟಕ್ಕಿಗೆ ಹೆಜ್ಜೆ ಹಾಕಿ ದಾಟುತ್ತಾರೆ.

ಮಕ್ಕಳ ವಿಷಯ ಒಂದನ್ನು ಹೇಳಲೇಬೇಕು. ಶಾಲೆಗೆ ಹೋಗುವ ಹುಡುಗನ ಅಕ್ಷರ ಕೆಟ್ಟು, ಮಾತು ತೊದಲಿ, ಜೊಲ್ಲು ಸುರಿದು, ಕೈ ತಿರುಚಿದರೆ ದೇವರು, ದಿಂಡರೆಂದು ಸುತ್ತಬೇಡಿ. ವಿಲ್ಸನ್ ಕಾಯಿಲೆ ಇರಬಹುದು. ತಾಮ್ರ ಹೊರಗೆ ಹೋಗದೆ ಲಿವರು, ಮಿದುಳುಗಳಲ್ಲಿ ಕೂಡುತ್ತದೆ; ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಳೆ ಕಾಣಬಹುದು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಬರುವ ಕಾಯಿಲೆಯಿದು, ಸೋದರಮಾವನಿಗೇ ಕೊಡುವ ನಮ್ಮ ಕಡೆಯ ರೂಢಿಯಲ್ಲಿ ಆ ಸಂಭವ ಹೆಚ್ಚು. ಪೆನಿಸಿಲಮೈನ್, ಸತುವಿನ ಔಷಧಗಳನ್ನು ಬೇಗ ಶುರುಮಾಡಿ ಜೀವನಪೂರ್ತಿ ನಡೆಸಿದರೆ ಅನೇಕ ಮಕ್ಕಳು ಮತ್ತೆ ಶಾಲೆಗೆ ಹೋಗುತ್ತಾರೆ. ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಬೇಕು. ಇನ್ನು, ಬರೆಯಲು ಕುಳಿತಾಗ ಮಾತ್ರ ಬೆರಳು ಸೊಟ್ಟಗಾಗುವ, ಕುತ್ತಿಗೆ ಒಂದು ಕಡೆ ತಿರುಗಿ ನಿಲ್ಲುವ ಕಾಯಿಲೆಗಳಿಗೆ ಬೊಟುಲಿನಮ್ ಚುಚ್ಚುಮದ್ದಿದೆ. ಸುಮಾರು ಮೂರು ತಿಂಗಳಿಗೊಮ್ಮೆ ಹಾಕಿಸಬೇಕಾಗುತ್ತದೆ.

ವರ್ಷಗಳು ಕಳೆದಂತೆ ಗುಳಿಗಿಯ ಗುಣ ಬೇಗ ಇಳಿಯತೊಡಗುತ್ತದೆ, ಕೆಲವರಿಗೆ ಬೇಡದ ಕುಣಿತವೂ ಬರುತ್ತದೆ. ಅಂಥವರಿಗೆ ಮಿದುಳಿನ ಆಳಕ್ಕೆ ತೆಳು ತಂತಿ ಇಳಿಸಿ, ಎದೆಯ ಚರ್ಮದಡಿಯ ಬ್ಯಾಟರಿಯಿಂದ ಸಣ್ಣ ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆ ಇದೆ. ಫ್ರಾನ್ಸಿನ ಶಸ್ತ್ರವೈದ್ಯ ಬೆನಬಿಡ್ 1987ರಲ್ಲಿ ದಾರಿ ತೋರಿದ್ದು; ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ಕಾಯಿಲೆ ಅದರಿಂದ ನಿಲ್ಲುವುದಿಲ್ಲ, ಖರ್ಚು ಲಕ್ಷಗಟ್ಟಲೆ. ಪಾರ್ಕಿನ್ಸನ್ನಿನಲ್ಲಿ ಸಾಮಾನ್ಯವಾಗಿ ಲೆವೊಡೋಪಾಕ್ಕೆ ಚೆನ್ನಾಗಿ ಸ್ಪಂದಿಸುವವರಿಗೇ ಇದೂ ಫಲ ಕೊಡುತ್ತದೆ.

ದೊಡ್ಡಪ್ಪನಿಗೆ ಅದು ಬೇಕೋ ಬೇಡವೋ ನೋಡಲು ವೈದ್ಯರು ದಿನದ ಲೆಕ್ಕ ಬರೆದು ತರಲು ಹೇಳಿದ್ದಾರೆ. ಸೊಸೆ ಮಗ್ಗದ ಹಳೆಯ ವಹಿಯಲ್ಲೇ ತಾಸು ತಾಸಿಗೆ ‘ಏರೈತಿ’, ‘ಇಳದೈತಿ’ ಎಂದು ಬರೆಯುತ್ತಾಳೆ. ನಿನ್ನೆಯ ಪುಟದಲ್ಲಿ ಬೆಳಗಿನ ಏಳೂವರೆಯಿಂದ ಹತ್ತರವರೆಗೆ ‘ಏರೈತಿ’ ಎಂದಿದೆ. ಅದರ ಪಕ್ಕದಲ್ಲಿ ದೊಡ್ಡಪ್ಪ ತಾವೇ, ಇರುವೆಯಂಥ ಅಕ್ಷರದಲ್ಲಿ, ‘ಕೊಂಡಿ 40’ ಎಂದು ಬರೆದಿದ್ದಾರೆ.