ವೋಲ್ಟೇಜ್ ಇಳಿದಷ್ಟೂ ಆಂಪ್ಲಿಫಯರ್‌ಗೆ ಕರೆಂಟ್ ಜಾಸ್ತಿ ಬೇಕು

ಡಿಜಿಟಲ್ ಸರ್ಕ್ಯೂಟ್ ಮಾಡುವವರಿಗೆ ಸಪ್ಲೈ ವೋಲ್ಟೇಜ್ ಇಳಿದರೆ ಖುಷಿ. ಸ್ವಿಚಿಂಗ್‌ಗೆ ಹೋಗುವ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ಅರ್ಧವಾದರೆ ಪವರ್ ಕಾಲು ಭಾಗ. ಅದೇ ಲೆಕ್ಕ ಹಿಡಿದು ಅನಲಾಗ್ ಟೀಮಿನ ಹತ್ತಿರ ಬರುತ್ತಾರೆ: "ಸಪ್ಲೈ 1.8ರಿಂದ 0.9 ವೋಲ್ಟ್‌ಗೆ ಇಳಿದಿದೆಯಲ್ಲ, ನಿಮ್ಮ ಆಂಪ್ಲಿಫಯರ್ ಯಾಕೆ ಮೊದಲಿಗಿಂತ ಜಾಸ್ತಿ ಕರೆಂಟ್ ಕೇಳುತ್ತಿದೆ?" ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಯಾರಿಗೂ ಹಿಡಿಸುವುದಿಲ್ಲ.

ಸಪ್ಲೈ ಅರ್ಧವಾದರೆ ಸಿಗ್ನಲ್ ಮೇಲೆ ಕೆಳಗೆ ಆಡುವ ಜಾಗವೂ ಅರ್ಧವಾಗುತ್ತದೆ. ನಾಯ್ಸ್, ಅಂದರೆ ಸಿಗ್ನಲ್ ಜೊತೆ ಬೆರೆಯುವ ಬೇಡದ ಏರಿಳಿತ, ಮಾತ್ರ ಸಪ್ಲೈ ನೋಡಿ ಇಳಿಯುವುದಿಲ್ಲ. 1928ರಲ್ಲಿ ಜಾನ್ಸನ್ ಅಳೆದು, ನೈಕ್ವಿಸ್ಟ್ ಸೂತ್ರ ಕೊಟ್ಟ ಥರ್ಮಲ್ ನಾಯ್ಸ್ ಇದು. ತಾಪಮಾನ, ರೆಸಿಸ್ಟೆನ್ಸ್ ಎರಡನ್ನೇ ಅದು ಕೇಳುವುದು. ಕೋಣೆಯ ತಾಪಮಾನದಲ್ಲಿ 1 ಕಿಲೋಓಮ್ ರೆಸಿಸ್ಟರ್ ಪ್ರತಿ ರೂಟ್ ಹರ್ಟ್ಜ್‌ಗೆ ಸುಮಾರು 4 ನ್ಯಾನೋವೋಲ್ಟ್ ನಾಯ್ಸ್ ಕೊಡುತ್ತದೆ. ಸ್ವಿಚ್ ಮೂಲಕ 1 ಪಿಕೋಫ್ಯಾರಡ್ ಕೆಪಾಸಿಟರ್ ತುಂಬಿಸಿದರೆ ಅದರ ಮೇಲೆ ಸುಮಾರು 64 ಮೈಕ್ರೋವೋಲ್ಟ್ ನಾಯ್ಸ್ ಉಳಿಯುತ್ತದೆ. ಸ್ವಿಚ್ ಎಷ್ಟೇ ಒಳ್ಳೆಯದಿರಲಿ, ಈ ಅಂಕಿ ಬದಲಾಗುವುದಿಲ್ಲ.

ಈಗ ಲೆಕ್ಕ ಹಾಕಿ. ಸಿಗ್ನಲ್ ಅರ್ಧವಾಯಿತು, ನಾಯ್ಸ್‌ಗೆ ಹೋಲಿಸಿದರೆ ಅದು ಮೊದಲಿನಷ್ಟೇ ಎದ್ದು ಕಾಣಬೇಕು. ಹಾಗಾದರೆ ನಾಯ್ಸ್ ಪವರ್ ಕಾಲು ಭಾಗವಾಗಬೇಕು, ಕೆಪಾಸಿಟರ್ ದೊಡ್ಡದಾದಷ್ಟೂ ಆ ಪವರ್ ಇಳಿಯುವುದರಿಂದ ಕೆಪಾಸಿಟರ್ ನಾಲ್ಕು ಪಟ್ಟು. ಅದನ್ನು ಅದೇ ವೇಗದಲ್ಲಿ ಓಡಿಸಲು ಕರೆಂಟ್ ಕೂಡ ನಾಲ್ಕು ಪಟ್ಟು. ವೋಲ್ಟೇಜ್ ಅರ್ಧ, ಕರೆಂಟ್ ನಾಲ್ಕು ಪಟ್ಟು. ಒಟ್ಟು ಪವರ್ ಎರಡು ಪಟ್ಟು. ಇದು ಎಲ್ಲ ಸರಿಯಾಗಿ ನಡೆದಾಗಿನ ಲೆಕ್ಕ.

ನಿಜವಾದ ಸರ್ಕ್ಯೂಟಿನಲ್ಲಿ ಪರಿಸ್ಥಿತಿ ಇದಕ್ಕಿಂತ ಬಿಗಿ. ಒಂದು ಇನ್‌ಪುಟ್ ಟ್ರಾನ್ಸಿಸ್ಟರ್, ಅದರ ಮೇಲೆ ಲೋಡ್ ಆಗಿ ಇನ್ನೊಂದು ಟ್ರಾನ್ಸಿಸ್ಟರ್, ಎರಡರಲ್ಲೂ ಒಂದೇ 100 ಮೈಕ್ರೋಆಂಪಿಯರ್ ಕರೆಂಟ್ ಅಂತ ಇಟ್ಟುಕೊಳ್ಳಿ. ಟ್ರಾನ್ಸಿಸ್ಟರನ್ನು ನಿಯಂತ್ರಿಸುವ ತುದಿಯ, ಅಂದರೆ ಗೇಟಿನ, ವೋಲ್ಟೇಜ್ ಸ್ವಲ್ಪ ಅಲುಗಿದರೆ ಕರೆಂಟ್ ಎಷ್ಟು ಬದಲಾಗುತ್ತದೆ ಅನ್ನುವುದನ್ನು ನಾವು ಜಿಎಂ ಅನ್ನುತ್ತೇವೆ. ಇನ್‌ಪುಟ್ ಟ್ರಾನ್ಸಿಸ್ಟರಿಗೆ ಜಿಎಂ ಜಾಸ್ತಿ ಇರಬೇಕು, ಆಗ ಸಿಗ್ನಲ್ ಎದುರು ನಾಯ್ಸ್ ಚಿಕ್ಕದಾಗುತ್ತದೆ. ಲೋಡ್‌ಗೆ ಕಡಿಮೆ ಇರಬೇಕು. ಅದು ಸಿಗ್ನಲ್‌ಗೆ ಏನೂ ಸೇರಿಸುವುದಿಲ್ಲ, ಸುಮ್ನೆ ನಾಯ್ಸ್ ಸುರಿಯುತ್ತದೆ ಅಷ್ಟೆ. ಅದೇ ಕರೆಂಟಿನಲ್ಲಿ ಜಿಎಂ ಇಳಿಸಬೇಕಾದರೆ ಓವರ್‌ಡ್ರೈವ್ ವೋಲ್ಟೇಜ್, ಅಂದರೆ ಟ್ರಾನ್ಸಿಸ್ಟರ್ ಆನ್ ಆಗಲು ಬೇಕಾದ ಥ್ರೆಶೋಲ್ಡ್ ವೋಲ್ಟೇಜಿಗಿಂತ ಗೇಟ್ ಮೇಲೆ ಹೆಚ್ಚಿಗೆ ಇರುವ ವೋಲ್ಟೇಜ್, ಏರಿಸಬೇಕು. ಏರಿಸಿದಷ್ಟು ವೋಲ್ಟೇಜನ್ನು ಆ ಟ್ರಾನ್ಸಿಸ್ಟರ್ ತನ್ನ ಮೇಲೇ ಇಟ್ಟುಕೊಳ್ಳುತ್ತದೆ.

1.8 ವೋಲ್ಟ್ ಇದ್ದಾಗ ಲೋಡ್‌ಗೆ 0.4 ವೋಲ್ಟ್ ಕೊಡುವುದು ಕಷ್ಟವಿರಲಿಲ್ಲ. ಇನ್‌ಪುಟ್ ಓವರ್‌ಡ್ರೈವ್ 0.1 ಇದ್ದರೆ ಅದರ ಜಿಎಂ 2 ಮಿಲಿಸೀಮೆನ್ಸ್, ಲೋಡಿನದು 0.5. ಲೋಡಿನಿಂದ ನಾಯ್ಸ್ ಪವರ್ ಶೇ. 25 ಏರುತ್ತದೆ, ತಡೆದುಕೊಳ್ಳಬಹುದು. 0.9 ವೋಲ್ಟ್‌ನಲ್ಲಿ ಲೋಡ್‌ಗೂ 0.1 ವೋಲ್ಟೇ ಸಿಕ್ಕರೆ ಎರಡರ ಜಿಎಂ ಸಮ, ನಾಯ್ಸ್ ಪವರ್ ನೇರ ದುಪ್ಪಟ್ಟು. ಇದೆಲ್ಲ ಕರೆಂಟ್ ಓವರ್‌ಡ್ರೈವಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಅನ್ನುವ ಹಳೆಯ ವರ್ಗ ನಿಯಮದ ಲೆಕ್ಕ, ಚಿಕ್ಕ ಟ್ರಾನ್ಸಿಸ್ಟರುಗಳಲ್ಲಿ ಅಂಕಿಗಳು ಹೀಗೇ ಬರುವುದಿಲ್ಲ. ದಿಕ್ಕು ಮಾತ್ರ ಇದೇ.

ಥ್ರೆಶೋಲ್ಡ್ ವೋಲ್ಟೇಜನ್ನೂ ಸಪ್ಲೈ ಜೊತೆಗೆ ಇಳಿಸಬಾರದೇ ಅಂತ ಕೇಳಬಹುದು. ಆಫ್ ಆದ ಟ್ರಾನ್ಸಿಸ್ಟರಿನ ಕರೆಂಟ್ ಹತ್ತು ಪಟ್ಟು ಕಡಿಮೆಯಾಗಲು ಕೋಣೆಯ ತಾಪಮಾನದಲ್ಲಿ ಗೇಟ್ ಕನಿಷ್ಠ 60 ಮಿಲಿವೋಲ್ಟ್ ಇಳಿಯಬೇಕು. ಅದು ಭೌತಶಾಸ್ತ್ರ ಹಾಕಿದ ಮಿತಿ. ಥ್ರೆಶೋಲ್ಡ್ ಜಾಸ್ತಿ ಇಳಿಸಿದರೆ ಕೋಟಿಗಟ್ಟಲೆ ಡಿಜಿಟಲ್ ಟ್ರಾನ್ಸಿಸ್ಟರುಗಳು ಸೋರುತ್ತವೆ. ಹಾಗಾಗಿ ಅದು 0.35 ವೋಲ್ಟ್ ಆಸುಪಾಸಿನಲ್ಲೇ ನಿಂತಿದೆ ಅಂದುಕೊಳ್ಳಿ. ಡಿಫರೆನ್ಷಿಯಲ್ ಜೋಡಿಯ (ಎರಡು ಸಿಗ್ನಲ್‌ಗಳ ವ್ಯತ್ಯಾಸವನ್ನು ದೊಡ್ಡದು ಮಾಡುವ ಜೋಡಿ ಟ್ರಾನ್ಸಿಸ್ಟರುಗಳ) ಇನ್‌ಪುಟ್ ಸಪ್ಲೈನ ಮಧ್ಯದಲ್ಲಿ, ಅಂದರೆ 0.45 ವೋಲ್ಟ್‌ನಲ್ಲಿದೆ. ಥ್ರೆಶೋಲ್ಡ್ 0.35, ಓವರ್‌ಡ್ರೈವ್ 0.1. ಜೋಡಿಯ ಕೆಳಗೆ ಕೂತು ಅದರ ಕರೆಂಟ್ ನಿಗದಿ ಮಾಡುವ ಟೇಲ್ ಕರೆಂಟ್ ಸೋರ್ಸ್‌ಗೆ ಉಳಿದದ್ದು ಸೊನ್ನೆ!

ಇಲ್ಲಿ ಪಠ್ಯಪುಸ್ತಕ ಫೋಲ್ಡೆಡ್ ಕ್ಯಾಸ್ಕೋಡ್ (ಟ್ರಾನ್ಸಿಸ್ಟರುಗಳನ್ನೆಲ್ಲ ಒಂದರ ಮೇಲೊಂದು ಪೇರಿಸದೆ, ಸಿಗ್ನಲ್ ಕರೆಂಟನ್ನು ಪಕ್ಕದ ಸಾಲಿಗೆ ತಿರುಗಿಸುವ ಸರ್ಕ್ಯೂಟ್) ಕಡೆಗೆ ಕೈ ತೋರಿಸುತ್ತದೆ. ನಾಯ್ಸ್ ಮುಖ್ಯವಾದ ಕಡೆ ನಾನು ಅದನ್ನು ಮೊದಲ ಆಯ್ಕೆಯಾಗಿ ತೆಗೆದುಕೊಳ್ಳುವುದಿಲ್ಲ. ಜಾಗ ಉಳಿಯುತ್ತದೆ ನಿಜ, ಆದರೆ ಇನ್ನೊಂದು ಜೊತೆ ಕರೆಂಟ್ ಸೋರ್ಸ್ ಬಂದು ಕೂರುತ್ತದೆ. ಅದರ ನಾಯ್ಸೂ ನಮ್ಮದೇ, ಅದು ತಿನ್ನುವ ಕರೆಂಟೂ ನಮ್ಮದೇ.

ಮೊದಲು ನೋಡುವುದು ಬಡಪಾಯಿ ರೆಸಿಸ್ಟರನ್ನು. ಲೋಡ್‌ಗೆ ಕೊಡಲು 0.2 ವೋಲ್ಟ್ ಇದೆ ಅನ್ನಿ. ಅಷ್ಟೇ ಜಾಗದಲ್ಲಿ, ಅಷ್ಟೇ ಕರೆಂಟಿಗೆ, ಟ್ರಾನ್ಸಿಸ್ಟರಿಗಿಂತ ರೆಸಿಸ್ಟರಿನ ನಾಯ್ಸ್ ಪವರ್ ಶೇ. 25 ಕಡಿಮೆ. ಕಡಿಮೆ ಫ್ರೀಕ್ವೆನ್ಸಿಯ ಫ್ಲಿಕರ್ ನಾಯ್ಸ್ ಕೂಡ ಹೆಚ್ಚಿರುವುದಿಲ್ಲ. ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು) ಸಿಗುವುದು ಬರೀ 4, ಅದು ಅನೇಕರಿಗೆ ಹಿಡಿಸುವುದಿಲ್ಲ. ಆದರೆ 1944ರಲ್ಲಿ ಎಂಜಿನಿಯರ್ ಫ್ರೀಸ್ ತೋರಿಸಿದ ಲೆಕ್ಕ ನೆನಪಿರಲಿ: ನಂತರದ ಹಂತಗಳ ನಾಯ್ಸ್ ಮೊದಲ ಹಂತದ ಗೇನ್‌ನಿಂದ ಭಾಗವಾಗುತ್ತದೆ. ವೋಲ್ಟೇಜ್ ಗೇನ್ 4 ಇದ್ದರೆ ಎರಡನೇ ಹಂತದ ನಾಯ್ಸ್ ಪವರ್ 16ರಿಂದ ಭಾಗ. ಬಹಳಷ್ಟು ಕಡೆ ಅಷ್ಟು ಸಾಕು, ಅಲ್ವಾ?

ಇದಕ್ಕಿಂತ ಜಾಣ ದಾರಿ ಲೋಡನ್ನೇ ದುಡಿಸುವುದು. ಡಿಜಿಟಲ್ ಸರ್ಕ್ಯೂಟಿನ ಇನ್ವರ್ಟರ್ ಹಾಗೆ ಎರಡೂ ಟ್ರಾನ್ಸಿಸ್ಟರುಗಳ ಗೇಟ್‌ಗೆ ಸಿಗ್ನಲ್ ಕೊಟ್ಟರೆ ಒಂದೇ ಕರೆಂಟಿನಲ್ಲಿ ಎರಡು ಜಿಎಂ ಕೂಡುತ್ತವೆ. ನಾಯ್ಸ್ ತುಂಬುತ್ತಿದ್ದ ಲೋಡ್ ಈಗ ಕೆಲಸಗಾರ. ನಾಯ್ಸ್ ಹೆಚ್ಚಿಸದೆ ಕರೆಂಟ್ ಉಳಿಸುವ ಉಪಾಯಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ತೊಂದರೆ ಏನೆಂದರೆ, ಸಪ್ಲೈ ಅಲುಗಿದರೆ ಇದೂ ಅಲುಗುತ್ತದೆ. ಆದ್ದರಿಂದ ಡಿಫರೆನ್ಷಿಯಲ್ ಆಗಿಯೇ ಕಟ್ಟಬೇಕು. ಅದರಿಂದ ಇನ್ನೊಂದು ಲಾಭವೂ ಇದೆ. ಸಿಗ್ನಲ್ ಪವರ್ ನಾಲ್ಕು ಪಟ್ಟಾದರೆ ನಾಯ್ಸ್ ಪವರ್ ಎರಡೇ ಪಟ್ಟು.

ಇಸಿಜಿಯಂತಹ ನಿಧಾನದ ಸಿಗ್ನಲ್ ಬಂದರೆ ಆಟವೇ ಬೇರೆ. ಎದೆಯ ಮೇಲೆ ಸಿಗುವುದು ಸುಮಾರು 1 ಮಿಲಿವೋಲ್ಟ್, ಅದೂ ಫ್ಲಿಕರ್ ನಾಯ್ಸ್ ಜೋರಾಗಿರುವ ಫ್ರೀಕ್ವೆನ್ಸಿಯಲ್ಲೇ. ಟ್ರಾನ್ಸಿಸ್ಟರ್ ದೊಡ್ಡದು ಮಾಡಿದರೆ ಫ್ಲಿಕರ್ ಇಳಿಯುತ್ತದೆ, ಆದರೆ ಗೇಟ್ ಕೆಪಾಸಿಟೆನ್ಸ್ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಚಾಪಿಂಗ್ ಮಾಡುವುದೇ ವಾಸಿ: ಸಿಗ್ನಲನ್ನು ಮೇಲಿನ ಫ್ರೀಕ್ವೆನ್ಸಿಗೆ ಎತ್ತಿ, ಅಲ್ಲಿ ಆಂಪ್ಲಿಫೈ ಮಾಡಿ, ಮತ್ತೆ ಕೆಳಗಿಳಿಸುವುದು.

ಬಯಾಸ್ (ಟ್ರಾನ್ಸಿಸ್ಟರುಗಳಿಗೆ ಕೊಡುವ ಸ್ಥಿರ ವೋಲ್ಟೇಜ್, ಕರೆಂಟ್) ಬಗ್ಗೆ ಒಂದು ಮಾತು. ತಾಪಮಾನ ಬದಲಾದರೂ ಅಲುಗದ ವೋಲ್ಟೇಜ್‌ಗಾಗಿ ಎಲ್ಲರೂ ನಂಬುವ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಸುಮಾರು 1.2 ವೋಲ್ಟ್ ಕೊಡುತ್ತದೆ. 0.9 ವೋಲ್ಟ್ ಸಪ್ಲೈ ಒಳಗೆ ಅದು ಹಿಡಿಯುವುದೇ ಇಲ್ಲ. ವೋಲ್ಟೇಜುಗಳ ಬದಲು ಕರೆಂಟುಗಳನ್ನು ಕೂಡಿಸಿ, ಬೇಕಾದಷ್ಟು ಚಿಕ್ಕ ವೋಲ್ಟೇಜ್ ಮಾಡಿಕೊಳ್ಳಬೇಕು.

ಕೊನೆಗೆ ಪರೀಕ್ಷೆ. ಹೆಡ್‌ರೂಮ್, ಅಂದರೆ ವೋಲ್ಟೇಜಿನ ಜಾಗ, ಕೈಕೊಡುವುದು ಚಳಿಯಲ್ಲಿ. ಮೈನಸ್ 40 ಡಿಗ್ರಿಯಲ್ಲಿ, ನಿಧಾನದ ಪ್ರೊಸೆಸ್ ಕಾರ್ನರ್‌ನಲ್ಲಿ (ತಯಾರಿಕೆಯ ಏರುಪೇರಿನಿಂದ ಟ್ರಾನ್ಸಿಸ್ಟರುಗಳು ಅತಿ ನಿಧಾನವಾಗಿ ಬಂದಾಗ) ಥ್ರೆಶೋಲ್ಡ್ ಏರಿರುತ್ತದೆ. ನಾಯ್ಸ್ ಕಾಡುವುದು ಬಿಸಿಯಲ್ಲಿ. 27 ಡಿಗ್ರಿಯಿಂದ 125ಕ್ಕೆ ಹೋದರೆ ರೆಸಿಸ್ಟರಿನ ನಾಯ್ಸ್ ಪವರೇ ಮೂರನೇ ಒಂದು ಭಾಗ ಏರುತ್ತದೆ, ಮೇಲಿಂದ ಟ್ರಾನ್ಸಿಸ್ಟರಿನ ಜಿಎಂ ಕೂಡ ಕುಗ್ಗುತ್ತದೆ. ಯಾರಾದರೂ ಡಿಸೈನ್ ರಿವ್ಯೂಗೆ ತಂದರೆ ನಾನು ನಾಯ್ಸ್ ಗ್ರಾಫ್ ತೆರೆಯುವುದು ಆಮೇಲೆ. ಮೊದಲು ಆ ಚಳಿಯ ಕಾರ್ನರಿನ ಡಿಸಿ ಪಟ್ಟಿ, ಅಂದರೆ ಸಿಗ್ನಲ್ ಇಲ್ಲದಾಗಿನ ವೋಲ್ಟೇಜ್, ಕರೆಂಟುಗಳ ಪಟ್ಟಿ, ತೆರೆಯುತ್ತೇನೆ. ಪ್ರತಿ ಟ್ರಾನ್ಸಿಸ್ಟರ್ ಮೇಲೂ ಸ್ಯಾಚುರೇಶನ್‌ಗೆ (ಕರೆಂಟ್ ಹೆಚ್ಚುಕಡಿಮೆ ಸ್ಥಿರವಾಗಿ ನಿಲ್ಲುವ ಸ್ಥಿತಿಗೆ) ಬೇಕಾದದ್ದಕ್ಕಿಂತ 50 ಮಿಲಿವೋಲ್ಟ್ ಆದರೂ ಹೆಚ್ಚಿಗೆ ಇರಬೇಕು. ಇಲ್ಲದಿದ್ದರೆ ಗ್ರಾಫ್ ತೋರಿಸುವುದು ಆ ಕಾರ್ನರಿನಲ್ಲಿ ಕೆಲಸವೇ ಮಾಡದ ಸರ್ಕ್ಯೂಟಿನ ನಾಯ್ಸನ್ನು.