ಮುಖದ ಫೋಟೋ ಇಲ್ಲದ ಹುಡುಗಿ

‘ಅವಳು ನಿಜವಾದವಳೇ ಆಗಿದ್ದರೆ ಮುಖದ ಫೋಟೋ ಏಕೆ ಹಾಕಿಲ್ಲ ಮೇಡಂ?’

ಬಳ್ಳಾರಿಯಲ್ಲಿ ಆಪ್ತಸಮಾಲೋಚಕಿಯಾಗಿರುವ ನಾನು ಡೇಟಿಂಗ್ ಆ್ಯಪ್ ಬಳಸುವ ಹುಡುಗರಿಂದ ಈ ಪ್ರಶ್ನೆ ಕೇಳಿ ಕೇಳಿ ಬೇಸತ್ತಿದ್ದೇನೆ. ವಂಚಕರ ಮಾತು ಇಲ್ಲಿ ಬೇಡ. ಹಣ ಕೇಳಿದರೆ ಮಾತು ನಿಲ್ಲಿಸಿ, ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನನ್ನ ತಕರಾರು ಬೇರೆ. ಎದುರಿನವರ ಮನೆಯ ಕಟ್ಟುಪಾಡನ್ನು ನಮ್ಮ ಹುಡುಗರು ಅವರ ಗುಣವೆಂದೇ ಎಣಿಸಿಬಿಡುತ್ತಾರೆ.

ಡೇಟಿಂಗ್ ಆ್ಯಪ್‌ಗಳು ದೂರ ನೋಡಿ ಜನರನ್ನು ತೋರಿಸುತ್ತವೆ. ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಇಟ್ಟರೂ ಎಲ್ಲರೂ ಅಪರಿಚಿತರು. ಇಲ್ಲಿ ಐವತ್ತು ಇಟ್ಟರೆ ಕುರುಗೋಡು, ಕಂಪ್ಲಿ, ಸಂಡೂರು ಎಲ್ಲವೂ ಒಳಗೆ ಬರುತ್ತವೆ. ಜೊತೆಗೆ ಸೋದರಮಾವನ ಮಗ, ಟ್ಯೂಷನ್ ಮೇಷ್ಟ್ರು, ಅಣ್ಣನ ಜೊತೆ ಕ್ರಿಕೆಟ್ ಆಡುವವನು ಕೂಡ ಬರುತ್ತಾರೆ. ಒಬ್ಬ ಸ್ಕ್ರೀನ್‌ಶಾಟ್ ತೆಗೆದರೆ ಸಂಜೆಯೊಳಗೆ ಅದು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಹುಡುಗನಿಗೆ ಎರಡು ದಿನ ಬೈಗುಳ. ಹುಡುಗಿಗೆ ಕಾಲೇಜು ಬಂದ್. ಇದನ್ನೆಲ್ಲ ಲೆಕ್ಕ ಹಾಕಿಯೇ ಆಕೆ ಹಂಪಿಯ ಕಲ್ಲಿನ ರಥವನ್ನೋ ಮೆಹಂದಿ ಹಾಕಿದ ಕೈಯನ್ನೋ ಹಾಕಿರುತ್ತಾಳೆ.

ತೋರಣಗಲ್ಲಿನಲ್ಲಿ ಕೆಲಸ ಮಾಡುವ, ಪುಣೆಯಲ್ಲಿ ಬೆಳೆದ ಎಂಜಿನಿಯರ್ ಒಬ್ಬರು ಬಂದಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಹುಡುಗಿ ಸಂಜೆ ಆರರಿಂದ ಹತ್ತರವರೆಗೆ ಉತ್ತರಿಸುವುದಿಲ್ಲ, ಹಾಗಾಗಿ ಇನ್ನೊಬ್ಬನಿದ್ದಾನೆ ಎಂಬುದು ಅವರ ತೀರ್ಮಾನ. ಆ ಹೊತ್ತಿನಲ್ಲಿ ಫೋನು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದ್ದೀರಾ ಎಂದರೆ ಕಣ್ಣರಳಿಸಿದರು. ಫೋನು ಇನ್ನೊಬ್ಬರದೂ ಆಗಿರಬಹುದೆಂಬುದು ಅವರಿಗೆ ಹೊಳೆದೇ ಇರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ 54ರಷ್ಟು ಮಾತ್ರ. ಮಿಕ್ಕವರ ಮನೆಯಲ್ಲಿ ಸಂಜೆಯ ಫೋನು ತಮ್ಮನದು, ಇಲ್ಲವೇ ಅಮ್ಮನ ಧಾರಾವಾಹಿಯದು.

ಅವರ ಎರಡನೆಯ ದೂರು ಇನ್ನೂ ಗಂಭೀರ. ಮೂರನೆಯ ದಿನವೇ ಆಕೆ ಜಾತಿ ಕೇಳಿದ್ದಳು. ನಾನು ಇದನ್ನು ಮುಗ್ಧ ಪ್ರಶ್ನೆ ಎನ್ನಲಾರೆ; ಬಹಳ ಸಲ ಅದು ಬರೀ ಜಾತಿಯ ಲೆಕ್ಕಾಚಾರವೇ. ಆದರೆ ಕೆಲವೊಮ್ಮೆ ಹುಡುಗಿ ಅಳೆಯುತ್ತಿರುವುದು ಅಪಾಯವನ್ನು. ಜಾತಿ ಮೀರಿ ಮದುವೆಯಾದ ಚಿಕ್ಕಮ್ಮನ ಹೆಸರು ಎತ್ತದ ಮನೆಯಲ್ಲಿ ಬೆಳೆದವಳು, ಮನಸ್ಸು ಕೊಡುವ ಮೊದಲೇ ಮುಂದಿನ ದಾರಿ ಎಷ್ಟು ಕಡಿದು ಎಂದು ನೋಡುತ್ತಾಳೆ. ಧರ್ಮ ಬೇರೆಯಾದರೆ ಇನ್ನೂ ಕಷ್ಟ. 1954ರ ವಿಶೇಷ ವಿವಾಹ ಕಾಯ್ದೆಯಡಿ ಕೊಟ್ಟ ನೋಟಿಸು ಮದುವೆ ಅಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲಾಗುತ್ತದೆ, ಆಕ್ಷೇಪಕ್ಕೆ 30 ದಿನ. ಯಾವ ಪ್ರಶ್ನೆಯ ಹಿಂದೆ ಏನಿದೆ ಎಂದು ಕೋಣೆಯಲ್ಲಿ ಕುಳಿತು ನಾನೂ ಹೇಳಲಾರೆ. ಕೇಳಿದವಳನ್ನೇ ಕೇಳಬೇಕು.

ಹುಡುಗಿಯರೂ ಕಡಿಮೆಯಿಲ್ಲ. ಗಂಗಾವತಿ ಕಡೆಯ ಹುಡುಗನೊಬ್ಬ ದಿನವೂ ‘ಊಟ ಆಯಿತಾ?’ ಎಂದಷ್ಟೇ ಬರೆಯುತ್ತಾನೆ, ತಲೆಯಲ್ಲಿ ಏನೂ ಇಲ್ಲ ಎಂದು ರಾಯಚೂರಿನ ಯುವತಿಯೊಬ್ಬಳು ಗೊಣಗಿದಳು. ಹುಡುಗರ ಹಾಸ್ಟೆಲಿನಲ್ಲೇ ಓದಿ, ಅಕ್ಕತಂಗಿಯರನ್ನು ಬಿಟ್ಟರೆ ಬೇರೆ ಹೆಣ್ಣುಮಕ್ಕಳೊಡನೆ ನಾಲ್ಕು ಮಾತನಾಡದವನಿಗೆ ಗೊತ್ತಿರುವ ಅಕ್ಕರೆಯ ಮಾತು ಅದೊಂದೇ ಇರಬಹುದು. ತನ್ನ ಪರಿಚಯದಲ್ಲಿ ಆತ ‘371(ಜೆ) ಮೀಸಲಾತಿ ಇದೆ’ ಎಂದೂ, ಅಂದರೆ ಸರ್ಕಾರಿ ನೌಕರಿಯಲ್ಲಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ ತನಗಿದೆ ಎಂದೂ ಬರೆದುಕೊಂಡಿದ್ದನಂತೆ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಸರ್ಕಾರಿ ನೌಕರಿಯ ಆಸೆ ಇರುವವನೇ ಒಳ್ಳೆಯ ವರ ಎಂದು ಅವನಿಗೆ ಹೇಳಿಕೊಟ್ಟವರು ನಾವೇ ಅಲ್ಲವೇ?

ಎಂಜಿನಿಯರ್ ಕೊನೆಗೂ ಕೇಳಿದರು. ಫೋನು ಅಮ್ಮನದೂ ಹೌದು ಎಂಬ ಉತ್ತರ ಬಂತು. ಈಗ ಹೊಸ ದೂರು: ಆಕೆ ಅವರ ಕಚೇರಿಯ ಗುರುತಿನ ಚೀಟಿಯ ಫೋಟೋ ಕೇಳಿದ್ದಾಳೆ, ಅವರಿಗೆ ಅವಮಾನವಾಗಿದೆ. ನೌಕರರ ಸಂಖ್ಯೆಯನ್ನು ಮುಚ್ಚಿ ಕಳುಹಿಸಿ ಎಂದಿದ್ದೇನೆ.