ಮಗು ಹುಟ್ಟಿದ ಕೂಡಲೇ ಅತ್ತಿತೇ?

ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮನೋರೋಗ) ಇರಬಹುದೆಂದು ಬೆಳೆದ ಮಗನಿಗೆ ಮುಂಬೈಯ ಮನೋರೋಗ ಓಪಿಡಿಯಲ್ಲಿ ಹೊಸ ಕೇಸ್ ಪೇಪರ್ ಮಾಡಿಸಿದರೆ ಡಾಕ್ಟರು ತಾಯಿಯನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆಯಿದು. ಕೇಳುವುದು ಮರಾಠಿಯಲ್ಲಿ, ಉತ್ತರ ಇರುವುದು ಕುಂದಾಪುರದಲ್ಲೋ ಕಾರ್ಕಳದಲ್ಲೋ. ಮಾಟುಂಗ, ಡೊಂಬಿವಲಿಯ ನಮ್ಮ ಹೆಂಗಸರಲ್ಲಿ ಹೆಚ್ಚಿನವರು ಚೊಚ್ಚಲ ಹೆರಿಗೆಗೆ ತವರಿಗೆ ಹೋದವರು. ಇಪ್ಪತ್ತೈದು ವರ್ಷದ ಹಿಂದಿನ ಆ ಹೆರಿಗೆಯ ಕಾಗದ ಈಗ ಯಾರ ಬಳಿ ಇರುತ್ತದೆ?

ಸ್ಕಿಜೋಫ್ರೇನಿಯಾ ಎಂಬ ಹೆಸರು ಹುಟ್ಟಿದ್ದು 1908ರಲ್ಲಿ. 1948ರ ಹೊತ್ತಿಗೆ ‘ಈ ಕಾಯಿಲೆ ಹುಟ್ಟಿಸುವ ತಾಯಿ’ ಎಂಬರ್ಥದ ಪದವೂ ಮನೋವೈದ್ಯಕ್ಕೆ ಬಂತು. 1952ರಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧ ಬಂದ ಮೇಲೆ ನೋಟ ಮಿದುಳಿನತ್ತ ತಿರುಗಿತು. ತಾಯಿ ಬಚಾವಾದಳು ಅಂದುಕೊಳ್ಳುವಷ್ಟರಲ್ಲಿ 1988ರಲ್ಲಿ ಹೆಲ್ಸಿಂಕಿಯ ಅಧ್ಯಯನ ಪ್ರಕಟವಾಯಿತು: 1957ರ ಫ್ಲೂ ಹಾವಳಿಯಲ್ಲಿ ನಾಲ್ಕರಿಂದ ಆರು ತಿಂಗಳ ಭ್ರೂಣವಾಗಿದ್ದವರಲ್ಲಿ ಈ ಕಾಯಿಲೆ ಹೆಚ್ಚು ಕಂಡಿತ್ತು. ನಂತರದ ಅಧ್ಯಯನಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು.

ಗರ್ಭದ, ಹೆರಿಗೆಯ ತೊಂದರೆಗಳನ್ನು ತಾಯಿಯನ್ನೇ ಕೇಳಿ ತಿಳಿಯುವಾಗ ತೊಡಕು ಇದ್ದದ್ದು ನೆನಪಿನಲ್ಲಿ. ಮಗನಿಗೆ ಕಾಯಿಲೆ ಬಂದ ತಾಯಿ ಒಂಬತ್ತು ತಿಂಗಳನ್ನೂ ಜರಡಿ ಹಿಡಿಯುತ್ತಾಳೆ. ಆ ಜ್ವರ, ಬಸ್ಸಿನ ಕುಲುಕಾಟ, ಗ್ರಹಣದ ದಿನ ಹೊರಗೆ ಬಂದದ್ದು (ಇದನ್ನು ಅತ್ತೆ ನೆನಪಿಸುತ್ತಾರೆ) ಎಲ್ಲವೂ ಸಿಗುತ್ತವೆ. ಪಕ್ಕದ ಮನೆಯ ಆರೋಗ್ಯವಂತ ಹುಡುಗನ ತಾಯಿಗೆ ಜರಡಿಯ ಅಗತ್ಯವೇ ಇಲ್ಲ. ಆದ್ದರಿಂದ ಬಾಯಿಮಾತು ಬಿಟ್ಟು ಹೆರಿಗೆಯ ದಿನವೇ ಬರೆದ ದಾಖಲೆಗೆ ಬೆಲೆ ಬಂತು. ಸ್ವೀಡನ್, ಡೆನ್ಮಾರ್ಕ್‌ಗಳ ಜನನ ನೋಂದಣಿಗಳು ಇಷ್ಟು ಮುಖ್ಯವಾದದ್ದು ಹಾಗೆ. 2002ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟು ಹಾಕಿದಾಗ ಗರ್ಭಿಣಿಯ ರಕ್ತಸ್ರಾವ, ಸಕ್ಕರೆ ಕಾಯಿಲೆ, ಮಗುವಿನ ಕಡಿಮೆ ತೂಕ, ಹುಟ್ಟುವಾಗಿನ ಉಸಿರುಕಟ್ಟು (ಮಗು ಅತ್ತಿತೇ ಎಂದು ಕೇಳುವುದು ಇದಕ್ಕೇ), ತುರ್ತು ಸಿಸೇರಿಯನ್ ಉಳಿದುಕೊಂಡವು. ಆದರೆ ನಂಟು ದುರ್ಬಲ; ಅಪಾಯದ ಏರಿಕೆ ಬಹುಮಟ್ಟಿಗೆ ಎರಡು ಪಟ್ಟಿನೊಳಗೇ. ನೂರರಲ್ಲಿ ಒಬ್ಬರಿಗೂ ಪೂರ್ತಿ ಬಾರದ ಕಾಯಿಲೆ ದುಪ್ಪಟ್ಟಾದರೂ ತೊಂಬತ್ತೆಂಟು ಮಕ್ಕಳು ನೆಟ್ಟಗೇ ಇರುತ್ತಾರೆ. ಈ ಲೆಕ್ಕವನ್ನು ಓಪಿಡಿಯಲ್ಲಿ ಬಿಡಿಸಿ ಹೇಳುವಷ್ಟು ಹೊತ್ತು ಯಾರಿಗೂ ಇಲ್ಲ.

ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆಯ ಕೈಯಿದೆಯೇ ಎಂಬ ಕಥೆ ಬೇರೆ ದಾರಿಯಿಂದ ಬಂತು. ಕೆಲವು ರೋಗಿಗಳ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿರುವುದು ಮೊದಲೇ ಗೊತ್ತಿತ್ತು. 2014ರಲ್ಲಿ ಕಾಯಿಲೆಗೆ ನಂಟಿರುವ 108 ಜೀನ್ ತಾಣಗಳು ಪತ್ತೆಯಾದಾಗ ಎಲ್ಲಕ್ಕಿಂತ ಬಲವಾದದ್ದು ನಿರೋಧಕ ಶಕ್ತಿಯ ಜೀನ್‌ಗಳಿರುವ ಜಾಗದಲ್ಲೇ ಇತ್ತು. 2016ರಲ್ಲಿ ಅಲ್ಲಿನ ಸಿ4 ಜೀನ್ ಎದ್ದು ಕಂಡಿತು. ಸೋಂಕಿನ ವಿರುದ್ಧ ದುಡಿಯುವ ಇದರ ಪ್ರೋಟೀನು ಮಿದುಳಿನಲ್ಲಿ ನರಕೋಶಗಳ ಬೇಡದ ಕೊಂಡಿಗಳನ್ನು ಸವರುವುದಕ್ಕೂ ನೆರವಾಗುತ್ತದೆ. ಹದಿಹರೆಯದಲ್ಲಿ ಆ ಸವರಿಕೆ ಅತಿಯಾಗುತ್ತದೆಯೇ ಎಂಬುದು ಈಗಿನ ಅನುಮಾನ.

ಸಿ4 ಅಪ್ಪನ ಕಡೆಯಿಂದಲೂ ಬರುತ್ತದೆ. ಡಾಕ್ಟರು ಹೆರಿಗೆಯ ವಿಷಯ ಕೇಳುವ ಹೊತ್ತಿಗೆ ಅಪ್ಪ ಸಾಮಾನ್ಯವಾಗಿ ಹೊರಗೆ, ಔಷಧದ ಸಾಲಿನಲ್ಲಿ ನಿಂತಿರುತ್ತಾನೆ.